ತೊಡೆಗೆ ಸೈ, ಸೊಂಟಕ್ಕೆ ದಂಡ: ‘ಆ್ಯಂಟಿ ಚೇಫ್’ ಕಡ್ಡಿ ಹಚ್ಚಿ ನೋಡಿದ್ದು

ಚರ್ಮ ಉಜ್ಜಿ ಗಾಯ ಆಗದ ಹಾಗೆ ಹಚ್ಚಿಕೊಳ್ಳುವ ಮೇಣದಂತಹ ಕಡ್ಡಿ ಇದು. ಮೊದಲೇ ಹೇಳಿಬಿಡುತ್ತೇನೆ, ಐದರಲ್ಲಿ ಮೂರು ನಕ್ಷತ್ರ. ತೊಡೆಸಂದಿಗೂ ಕಂಕುಳಿಗೂ ಮಾತ್ರ ಲೆಕ್ಕ ಹಾಕುವುದಾದರೆ ನಾಲ್ಕೂವರೆ ಕೊಡಬಹುದು. ಲಾಡಿ, ಹಗ್ಗ, ಪಟ್ಟಿ ಬಿಗಿಯುವ ಜಾಗಕ್ಕೆ ಒಂದೇ ಒಂದು, ಅದೂ ಮುಚ್ಚಳ ಗಟ್ಟಿ ಇದೆ ಎಂಬ ಕಾರಣಕ್ಕೆ.

ಬ್ರ್ಯಾಂಡಿನ ಹೆಸರು ಬರೆಯುವುದಿಲ್ಲ. ಆನ್‌ಲೈನಿನಲ್ಲಿ ಈ ಜಾತಿಯ ಕಡ್ಡಿಗಳು ಬೇಕಾದಷ್ಟು ಉಂಟು. ಬೆನ್ನಿನ ಮೇಲಿನ ಸಣ್ಣ ಅಕ್ಷರ ಓದಿ ನೋಡಿದರೆ ಒಳಗಿನ ಸಾಮಾನು ಹೆಚ್ಚುಕಡಿಮೆ ಒಂದೇ: ತೆಂಗು ಅಥವಾ ತಾಳೆ ಎಣ್ಣೆಯಿಂದ ಬೇರ್ಪಡಿಸಿದ ಹಗುರ ಕೊಬ್ಬು, ಮೇಣ, ಸ್ವಲ್ಪ ಪಿಷ್ಟದ ಪುಡಿ, ಕೆಲವದರಲ್ಲಿ ಡೈಮೆಥಿಕೋನ್ ಎಂಬ ಸಿಲಿಕೋನ್. ನಾನು ತರಿಸಿದ್ದು 549 ರೂಪಾಯಿಯದ್ದು. ಬುಡ ತಿರುಗಿಸಿದರೆ ಕಡ್ಡಿ ಮೇಲೆ ಬರುತ್ತದೆ. ಬಣ್ಣ ಹಾಲುಬಿಳಿ, ವಾಸನೆ ಇಲ್ಲವೆಂದೇ ಹೇಳಬೇಕು. ಹಚ್ಚಿದ ಜಾಗದಲ್ಲಿ ಎಣ್ಣೆಯ ಜಿಡ್ಡಿಲ್ಲ, ಪೌಡರಿನ ತರಿ ಇಲ್ಲ, ಬೆರಳಿಟ್ಟರೆ ಸುಮ್ಮನೆ ಜಾರುತ್ತದೆ.

ಯಾರಿಗಾಗಿ ಬರೆಯುತ್ತಿದ್ದೇನೆ ಅಂತ ಕೇಳಿದರೆ, ಮುಖ್ಯವಾಗಿ ನನ್ನಂತಹ ಹವ್ಯಾಸಿ ವೇಷಧಾರಿಗಳಿಗಾಗಿ. ಹಗಲು ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ಒಂದು ಕನ್ನಡ ಮಾಧ್ಯಮ ಶಾಲೆಯಲ್ಲಿ ಇಂಗ್ಲಿಷ್ ಪಾಠ, ರಾತ್ರಿ ಕರೆ ಬಂದಲ್ಲಿ ಯಕ್ಷಗಾನ. ಯಕ್ಷಗಾನದ ತೆಂಕಣ ಶೈಲಿಯ, ಅಂದರೆ ತೆಂಕುತಿಟ್ಟಿನ, ಪಿತಾಮಹ ಎಂದು ಹೇಳಿಸಿಕೊಳ್ಳುವ ಪಾರ್ತಿಸುಬ್ಬ ಕುಂಬಳೆಯವನು. ಆದ್ದರಿಂದ ನಮ್ಮ ಕಡೆ ಕಾಲಿಗೆ ಗೆಜ್ಜೆ ಕಟ್ಟದವನನ್ನು ಹುಡುಕುವುದೇ ಕಷ್ಟ. ಪುಂಡುವೇಷದ, ಅಂದರೆ ಚುರುಕಾಗಿ ಕುಣಿಯುವ ತರುಣ ವೀರರ ಪಾತ್ರದ, ಪ್ರಾಯ ನನಗೆ ಎಂದೋ ದಾಟಿದೆ. ಆದರೂ ಸಂಘದಲ್ಲಿ ಹಾರಿ ಸುತ್ತಿ ದಿಗಿಣ ಹಾಕುವ ಹುಡುಗರೆಲ್ಲ ಕೆಲಸಕ್ಕೆಂದು ಗಲ್ಫಿಗೂ ಬೆಂಗಳೂರಿಗೂ ಹೋದ್ದರಿಂದ ಅಭಿಮನ್ಯು ಇನ್ನೂ ನನ್ನ ಪಾಲಿಗೇ ಬರುತ್ತಾನೆ. ಹೊಟ್ಟೆ ಸ್ವಲ್ಪ ಮುಂದೆ ಬಂದಿದೆ. ತೊಡೆಗಳೂ ಒಂದಕ್ಕೊಂದು ಹತ್ತಿರ ಬಂದಿವೆ.

ಈ ಉಜ್ಜುಗಾಯ ಆಗುವುದು ಹೇಗೆಂದು ಸ್ವಲ್ಪ ಹೇಳಬೇಕು, ಯಾಕೆಂದರೆ ಕಡ್ಡಿ ಎಲ್ಲಿ ಕೆಲಸ ಮಾಡುತ್ತದೆ, ಎಲ್ಲಿ ಇಲ್ಲ ಎಂಬುದು ಅದರಲ್ಲೇ ಇರುವುದು. ಚರ್ಮದ ಅತಿ ಮೇಲಿನ ಸತ್ತ ಪದರ ಮಿಲಿಮೀಟರಿನ ನೂರರಲ್ಲಿ ಒಂದೆರಡು ಪಾಲು ದಪ್ಪ, ಅಷ್ಟೆ. ಬೆವರು ನಿಂತರೆ ಅದು ನೀರು ಕುಡಿದು ಮೆತ್ತಗಾಗುತ್ತದೆ. ಒದ್ದೆಯಾದರೆ ಜಾರಬೇಕಲ್ಲ ಅಂತ ನಮಗೆ ಅನಿಸುವುದು. ಚರ್ಮದ ವಿಷಯದಲ್ಲಿ ಅದು ಉಲ್ಟಾ, ಒಣ ಚರ್ಮಕ್ಕಿಂತ ತೇವ ಹಿಡಿದ ಚರ್ಮವೇ ಹೆಚ್ಚು ಅಂಟಿಕೊಂಡು ಎಳೆಯುತ್ತದೆ. ಮೇಲಿಂದ ಬೆವರು ಆರಿದಲ್ಲೆಲ್ಲ ಉಪ್ಪಿನ ಹರಳು. ಮೆತ್ತಗಾದ ಪದರವನ್ನು ಉಪ್ಪಿನ ಸಮೇತ ಗಂಟೆಗಟ್ಟಲೆ ಉಜ್ಜಿದರೆ ಮೊದಲು ಕೆಂಪಾಗುತ್ತದೆ, ಆಮೇಲೆ ಸಿಪ್ಪೆ ಎದ್ದು ನೀರು ಒಸರುತ್ತದೆ. ಮರುದಿನ ಬೆಳಿಗ್ಗೆ ಮೀಯುವಾಗ ಮೊದಲ ಚೊಂಬು ನೀರು ಬಿದ್ದ ಕೂಡಲೇ ಬಾಯಿಂದ ಯಾವ ದೇವರ ಹೆಸರು ಬರುತ್ತದೆಂದು ಅನುಭವಿಸಿದವರಿಗೆ ಗೊತ್ತು. ಯಕ್ಷಗಾನದ ಆಟಗಳ ತಿರುಗಾಟ ಮುಗಿಯುವ ದಿನವಾದ ಪತ್ತನಾಜೆಗೆ ಮೊದಲಿನ ಏಪ್ರಿಲ್, ಮೇ ತಿಂಗಳಲ್ಲಿ ನಮ್ಮಲ್ಲಿ ಸೆಕೆ 35 ಡಿಗ್ರಿ ಆಸುಪಾಸು, ಗಾಳಿಯಲ್ಲಿ ಸಮುದ್ರದ ತೇವ. ಅದೇ ಸಮಯಕ್ಕೆ ಆಟಗಳ ಭರಾಟೆ. ಮಳೆಗಾಲದ ಕಥೆಯೂ ಇದಕ್ಕಿಂತ ಒಳ್ಳೆಯದೇನಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಜಿಲ್ಲೆಯಲ್ಲಿ ಒಳಉಡುಪು ಪೂರ್ತಿ ಒಣಗಿದ್ದು ಅಂತ ಯಾರೂ ಪ್ರಮಾಣ ಮಾಡಲಾರರು.

ಚೌಕಿಯಲ್ಲಿ, ಅಂದರೆ ಬಣ್ಣ ಹಚ್ಚಿ ವೇಷ ಕಟ್ಟುವ ಜಾಗದಲ್ಲಿ, ಕಡ್ಡಿ ಹೊರಗೆ ತೆಗೆದಾಗ ವೇಷ ಕಟ್ಟುವ ಹಿರಿಯರು ಕನ್ನಡಕ ಮೇಲೆ ಮಾಡಿ ನೋಡಿದರು.

“ಅದೆಂತ ಮಾಷ್ಟ್ರೆ, ಗೋಂದಾ? ಮೀಸೆ ಅಂಟಿಸ್ಲಿಕ್ಕಾ?”

“ಅಲ್ಲ ಅಣ್ಣ, ತೊಡೆಗೆ.”

“ತೊಡೆಗೆ ಗೋಂದು ಹಾಕಿದ್ರೆ ದಿಗಿಣ ಹಾಕುದು ಹೇಗೆ ಮಾರಾಯ್ರೆ!”

ಇಡೀ ಚೌಕಿ ನಕ್ಕಿತು. ಆದರೆ ಚಲ್ಲಣ ಎಂಬ ವೇಷದ ಚಡ್ಡಿ ಹಾಕುವ ಮೊದಲು ಎರಡೂ ತೊಡೆಯ ಒಳಬದಿಗೆ ನಾಲ್ಕೈದು ಸಲ ಎಳೆದು, ಕಂಕುಳ ಅಂಚಿಗೂ ಒಂದಿಷ್ಟು ಹಚ್ಚಿ ರಂಗಸ್ಥಳಕ್ಕೆ ಹೋದವನು, ವೇಷ ಬಿಚ್ಚುವವರೆಗೆ ತೊಡೆಯ ನೆನಪು ಮಾಡಿಕೊಳ್ಳಲಿಲ್ಲ. ಇದು ಸಣ್ಣ ವಿಷಯವಲ್ಲ. ಹಿಂದೆಲ್ಲ ಯುದ್ಧದ ಪದ್ಯ ಬರುವಷ್ಟರಲ್ಲಿ ನಾನು ಕಾಲು ಅಗಲಿಸಿ ನಡೆಯುತ್ತಿದ್ದೆ. ಭಾಗವತರಿಗೆ ಅದು ವೀರಾವೇಶ ಅಂತ ಕಂಡಿರಬೇಕು. ಈಗ ಮಂಡಿ ಹಾಕಿ ಸುತ್ತುವಾಗಲೂ ಉರಿ ಇಲ್ಲ. ಕಾಲಮಿತಿಯ ಆಟಕ್ಕೆ, ಅಂದರೆ ಮಧ್ಯರಾತ್ರಿಯೊಳಗೆ ಮುಗಿಯುವುದಕ್ಕೆ, ಒಂದು ಸಲ ಹಚ್ಚಿದರೆ ಸಾಕು. ಬೆಳಗಿನವರೆಗಿನ ಆಟವಾದರೆ ನಡುವೆ ಇನ್ನೊಮ್ಮೆ ಬೇಕು. ಆದರೆ ಪೂರ್ತಿ ವೇಷ ಕಟ್ಟಿದವನಿಗೆ ನಡುವೆ ಚಲ್ಲಣದೊಳಗೆ ಕೈಹಾಕುವ ಯೋಗ ಎಲ್ಲಿಂದ ಬರಬೇಕು? ‘ಇಡೀ ದಿನದ ರಕ್ಷಣೆ’ ಎಂದು ಡಬ್ಬಿಯ ಮೇಲೆ ಬರೆದವರು ವೇಷದ ಅಂಗಿಯಾದ ದಗಲೆ ಹಾಕಿ ಕುಣಿದವರಲ್ಲ.

ಸೊಂಟದ ವಿಷಯಕ್ಕೆ ಬರೋಣ. ನಮ್ಮ ವೇಷ ನಿಲ್ಲುವುದೇ ಕಟ್ಟಿನ ಮೇಲೆ. ಕಚ್ಚೆ, ಅದರ ಮೇಲೆ ಹಗ್ಗ, ಅದರ ಮೇಲೆ ಸೊಂಟಪಟ್ಟಿ. ಕಟ್ಟುವವರು ಮೊಣಕಾಲನ್ನು ನಮ್ಮ ಬೆನ್ನಿಗೆ ಕೊಟ್ಟು ಎಳೆಯುತ್ತಾರೆ, ಸಡಿಲವಾದರೆ ರಂಗಸ್ಥಳದಲ್ಲಿ ಮಾನ ಹೋಗುವುದು ಅವರದ್ದೂ ಹೌದು. ಅಲ್ಲಿ ಆಗುವುದು ಚರ್ಮಕ್ಕೆ ಚರ್ಮ ಉಜ್ಜಿ ಆಗುವ ಗಾಯವಲ್ಲ. ಬಟ್ಟೆಯ ಮಡಿಕೆ, ಹಗ್ಗದ ಗಂಟು ಒಂದೇ ಕಡೆ ಒತ್ತಿ ಹಿಡಿದು, ಪ್ರತಿ ಕುಣಿತಕ್ಕೂ ಕೂದಲೆಳೆಯಷ್ಟು ಆಚೀಚೆ ಸರಿಯುತ್ತದೆ. ಕಡ್ಡಿಯ ಮೇಣವನ್ನು ಒಳಗಿನ ಹತ್ತಿ ಬಟ್ಟೆ ಸ್ವಲ್ಪ ಹೊತ್ತಿನಲ್ಲೇ ಹೀರಿಬಿಡುತ್ತದೆ. ಮತ್ತೆ ಉಳಿಯುವುದು ಹಗ್ಗ ಮತ್ತು ನಾನು. ಬಲಬದಿಯ ಎಲುಬಿನ ಮೇಲೆ, ಗಂಟು ಕೂತ ಜಾಗದಲ್ಲಿ, ಎಂದಿನಂತೆಯೇ ಹೆಬ್ಬೆರಳಿನಗಲ ಸುಲಿದಿತ್ತು. ಅಲ್ಲಿಗೆ ಹಿರಿಯರ ಉಪಾಯವೇ ಸರಿ: ಹಳೆ ಮುಂಡಿನ ತುಂಡನ್ನು ಮಡಿಕೆ ಬಾರದ ಹಾಗೆ ಸುತ್ತಿ, ಗಂಟನ್ನು ಎಲುಬಿನ ಮೇಲಿಂದ ಮಾಂಸ ಇರುವ ಕಡೆಗೆ ಸರಿಸುವುದು. ಖರ್ಚು ಸೊನ್ನೆ. ಗೆಜ್ಜೆಗೂ ಇದೇ ಮಾತು. ಉದ್ದ ಕಾಲುಚೀಲ ಸರಿಯಾಗಿ ಎಳೆದು ಕಟ್ಟಿದರೆ ಹಿಮ್ಮಡಿಯ ಮೇಲೆ ಕಡ್ಡಿಯ ಅಗತ್ಯವೇ ಬೀಳುವುದಿಲ್ಲ. ಕಾಲುಚೀಲದಲ್ಲಿ ಮಡಿಕೆ ಬಿಟ್ಟರೆ ಯಾವ ಕಡ್ಡಿಯೂ ಉಪಕಾರಕ್ಕೆ ಬರುವುದಿಲ್ಲ.

ಹಣೆಯ ಮೇಲೆ, ಕಿರೀಟದ ಲಾಡಿ ಬಿಗಿಯುವಲ್ಲಿ, ಅಪ್ಪಿತಪ್ಪಿಯೂ ಹಚ್ಚಬೇಡಿ. ಮೇಣ ಇದ್ದಲ್ಲಿ ಬಣ್ಣ ಹಿಡಿಯುವುದಿಲ್ಲ. ಬೆವರಿದ ಕೂಡಲೇ ಹುಬ್ಬಿನ ಕಪ್ಪು ಕಣ್ಣಿಗೆ ಇಳಿಯುತ್ತದೆ.

ಈ ‘ಚೇಫ್’ ಎಂಬುದು ಎಂತ ಶಬ್ದ ಅಂತ ನಮ್ಮ ಬಾಲಗೋಪಾಲ ವೇಷದ ಹುಡುಗ ಕೇಳಿದ. ನನ್ನದೇ ತರಗತಿಯವನು. “ಸರ್, ಇದು ಚೀಫಾ, ಶೆಫ್ಫಾ?” ಎರಡೂ ಅಲ್ಲ. ‘ಸೇಫ್’ ಎನ್ನುವ ಹಾಗೆಯೇ ‘ಚೇಫ್’. ಹೊಸ ಬೂಟು ಹಿಮ್ಮಡಿಯನ್ನು ಚೇಫ್ ಮಾಡುತ್ತದೆ ಎನ್ನಬಹುದು, ಹಿಮ್ಮಡಿಯೇ ಚೇಫ್ ಆಯಿತು ಎಂದೂ ಹೇಳಬಹುದು. ಚಳಿಗೆ ಮರಗಟ್ಟಿದ ಅಂಗೈಯನ್ನು ಉಜ್ಜಿ ಬೆಚ್ಚಗೆ ಮಾಡುವುದಕ್ಕೂ ಅದೇ ಕ್ರಿಯಾಪದ. ಮೂಲದಲ್ಲಿ ಅದರ ಅರ್ಥ ಇದ್ದುದೇ ಬಿಸಿ ಮಾಡುವುದು ಎಂದು. ಹಳೆಯ ಫ್ರೆಂಚಿನ ದಾರಿಯಾಗಿ ಲ್ಯಾಟಿನಿನಿಂದ ಬಂದದ್ದು. ಮದುವೆ ಹಾಲಿನ ಬಫೆಯಲ್ಲಿ ಕೆಳಗೆ ಬೆಂಕಿ ಇಟ್ಟು ಪಲಾವ್ ಬಿಸಿಯಾಗಿಡುವ ಸ್ಟೀಲ್ ಪಾತ್ರೆಗೆ ‘ಚೇಫಿಂಗ್ ಡಿಶ್’ ಎನ್ನುವುದು ಈ ಕಾರಣಕ್ಕೆ, ಅಲ್ಲಿ ಉಜ್ಜುವುದೇನೂ ಇಲ್ಲ. ಕಾರು ಓಡಿಸುವ ‘ಶೋಫರ್’ ಕೂಡ ಇದೇ ಕುಟುಂಬದವನು, ಫ್ರೆಂಚಿನಲ್ಲಿ ಅವನು ಮೊದಲು ಬೆಂಕಿಗೆ ಕಲ್ಲಿದ್ದಲು ಹಾಕುವವನಾಗಿದ್ದ. ಹಡಗಿನವರು ಹಗ್ಗ ಉಜ್ಜುವಲ್ಲಿ ಗೋಣಿಯೋ ತೊಗಲೋ ಸುತ್ತುತ್ತಾರಲ್ಲ, ಅದು ‘ಚೇಫಿಂಗ್ ಗಿಯರ್’. ನಮ್ಮ ಹಿರಿಯರು ಸೊಂಟಕ್ಕೆ ಸುತ್ತಿದ ಹಳೆ ಮುಂಡು ಲೆಕ್ಕದಲ್ಲಿ ಅದೇ ಆಯಿತು.

ಮನಸ್ಸಿಗೂ ಈ ಶಬ್ದವನ್ನು ಬಳಸುತ್ತಾರೆ, ‘ಅಟ್’ ಅಥವಾ ‘ಅಂಡರ್’ ಸೇರಿಸಿ. ಹುಡುಗನಿಗೆ ನಾನು ಹೇಳಿಕೊಟ್ಟದ್ದು ಇಷ್ಟು: ಒಮ್ಮೆ ಸಿಟ್ಟು ಬಂದು ಹೋದರೆ ಅದಕ್ಕೆ ಈ ಶಬ್ದ ಹಾಕಬೇಡ. ಒಂದು ಕಟ್ಟುಪಾಡು ದಿನಾ ಅದೇ ಜಾಗದಲ್ಲಿ ತಾಗಿ ತಾಗಿ ಕಿರಿಕಿರಿ ಮಾಡಬೇಕು, ಬಿಡಿಸಿಕೊಳ್ಳಲಿಕ್ಕೂ ಆಗಬಾರದು, ಆಗ ಹಾಕು. ನಮ್ಮ ಜಿಲ್ಲೆಯಲ್ಲಿ ಉದಾಹರಣೆಗೆ ಬರ ಇಲ್ಲ. 1956ರ ನವೆಂಬರ್ 1ಕ್ಕೆ ಕಾಸರಗೋಡು ಕೇರಳಕ್ಕೆ ಸೇರಿತು. ಕನ್ನಡ ಬಾರದ ಅಧ್ಯಾಪಕರು ಕನ್ನಡ ಮಾಧ್ಯಮದ ತರಗತಿಗೆ ನೇಮಕವಾಗಿ ಬಂದಾಗಲೆಲ್ಲ ಇಲ್ಲಿನ ತಂದೆತಾಯಂದಿರು ಶಾಲೆ ಮುಂದೆ ಕೂರುವುದನ್ನು ಇಂಗ್ಲಿಷ್ ಪತ್ರಿಕೆಯವರು ಬರೆಯುವುದಾದರೆ ಈ ಕ್ರಿಯಾಪದ ಸರಿಯಾಗಿ ಹೊಂದುತ್ತದೆ. ಅದಕ್ಕೆ ಹಚ್ಚುವ ಕಡ್ಡಿ ಯಾವ ಆನ್‌ಲೈನಿನಲ್ಲಿಯೂ ಸಿಕ್ಕುವುದಿಲ್ಲ. ಅಡಿಕೆ ಬೇರು ತಿನ್ನುವ ಬೇರುಹುಳದ ತಾಯಿ ದುಂಬಿಗೆ ಇಂಗ್ಲಿಷಿನಲ್ಲಿ ‘ಚೇಫರ್’ ಎನ್ನುತ್ತಾರೆ. ನಮ್ಮಲ್ಲಿನ ಕೇಂದ್ರೀಯ ತೋಟಬೆಳೆ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐಯ ಕರಪತ್ರ ಓದುವವರು ಎರಡಕ್ಕೂ ನೆಂಟಸ್ತಿಕೆ ಹುಡುಕಬೇಡಿ, ಆ ಶಬ್ದದ ಮೂಲವೇ ಬೇರೆ.

ಇರಲಿ, ಕಡ್ಡಿಗೆ ವಾಪಸ್. 549 ಕೊಡುವ ಮೊದಲು ಮನೆಯಲ್ಲೇ ಇರುವುದರಿಂದ ಆಗುತ್ತದೋ ನೋಡಬೇಕಲ್ಲ. ತೆಂಗಿನೆಣ್ಣೆಯ ಊರಿನಲ್ಲಿ ಕೂತು ಹೇಳುವುದು ಸ್ವಲ್ಪ ಸಂಕಟದ ವಿಷಯ, ಆದರೂ ಸತ್ಯ: ಈ ಕೆಲಸಕ್ಕೆ ತೆಂಗಿನೆಣ್ಣೆ ಸಾಲದು. ಅದು ಸುಮಾರು 24 ಡಿಗ್ರಿಗೇ ಕರಗುತ್ತದೆ. ನಮ್ಮ ಸೆಕೆಗೆ ಹಚ್ಚಿದ ಜಾಗದಲ್ಲಿ ನಿಲ್ಲದೆ ಹರಿದು ಬಟ್ಟೆ ಸೇರುತ್ತದೆ. ಆಟ ಮುಗಿದ ಮೇಲೆ ಮುಖದ ಬಣ್ಣ ತೆಗೆಯಲಿಕ್ಕೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ, ಅಲ್ಲಿಯೇ ಇರಲಿ.

ಪೌಡರು ಮೊದಲ ಅರ್ಧ ಗಂಟೆ ಸುಖ. ಬೆವರು ಹೆಚ್ಚಾದ ಮೇಲೆ ಅದೇ ಮುದ್ದೆಯಾಗಿ ಸಂದಿಯಲ್ಲಿ ಕೂತು ಮರಳಿನ ಕೆಲಸ ಮಾಡುತ್ತದೆ. ಮೇಲಿಂದ ಟಾಲ್ಕಿನ ಬಗ್ಗೆ ಬೇರೆ ಆತಂಕವೂ ಉಂಟು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2024ರ ಜುಲೈಯಲ್ಲಿ ಅದನ್ನು ‘ಬಹುಶಃ ಕ್ಯಾನ್ಸರ್‌ಕಾರಕ’ ಎಂಬ ಪಟ್ಟಿಗೆ ಸೇರಿಸಿತು. ಹೆದರಿಸಲಿಕ್ಕೆ ಹೇಳಿದ್ದಲ್ಲ, ತೊಡೆಸಂದಿಗೆ ಹಿಡಿಗಟ್ಟಲೆ ಸುರಿಯುವ ಅಭ್ಯಾಸ ಇದ್ದವರಿಗೆ ಹೇಳಿದ್ದು.

ನಿಜವಾದ ಎದುರಾಳಿ ಪೆಟ್ರೋಲಿಯಂ ಜೆಲ್ಲಿ. ಪೆನ್ಸಿಲ್ವೇನಿಯಾದ ಎಣ್ಣೆಬಾವಿಗಳ ಯಂತ್ರಕ್ಕೆ ಮೆತ್ತಿಕೊಳ್ಳುತ್ತಿದ್ದ ಕೊಳಕು ಮೇಣವನ್ನು ಕೆಲಸದವರು ಸುಟ್ಟಗಾಯಕ್ಕೆ ಹಚ್ಚುವುದನ್ನು ಕಂಡು, ಅದನ್ನು ಶುದ್ಧಮಾಡಿ 1872ರಲ್ಲಿ ವ್ಯಾಸಲೀನ್ ಎಂದು ಪೇಟೆಂಟ್ ಪಡೆದವರು ರಾಬರ್ಟ್ ಚೀಸ್‌ಬ್ರೋ. ಸೆಕೆಗೆ ಕರಗಿ ಹರಿಯುವುದಿಲ್ಲ, ನೀರಿಗೆ ಜಗ್ಗುವುದಿಲ್ಲ. ಐವತ್ತು ರೂಪಾಯಿ ಆಸುಪಾಸಿನ ಡಬ್ಬಿ ತಿಂಗಳುಗಟ್ಟಲೆ ಬರುತ್ತದೆ. ತೊಡೆಯ ಮಟ್ಟಿಗೆ ಕಡ್ಡಿಗೂ ಇದಕ್ಕೂ ಕೆಲಸದಲ್ಲಿ ದೊಡ್ಡ ವ್ಯತ್ಯಾಸ ನನಗೆ ಕಾಣಲಿಲ್ಲ. ವ್ಯತ್ಯಾಸ ಇರುವುದು ಜಿಡ್ಡಿನಲ್ಲಿ. ಜೆಲ್ಲಿ ಹಚ್ಚಿದ ಕೈಯಲ್ಲಿ ಬಣ್ಣದ ಕಡ್ಡಿ ಹಿಡಿಯಲಿಕ್ಕೆ ಆಗುವುದಿಲ್ಲ. ಚಲ್ಲಣದ ಒಳಗೆ ಕಲೆ ಬೀಳುತ್ತದೆ, ಸೋಪಿಗೆ ಬೇಗ ಹೋಗುವುದೂ ಇಲ್ಲ. ಬಾಡಿಗೆ ವೇಷಭೂಷಣವಾದರೆ ಒಡೆಯರ ಮುಖ ನೋಡಬೇಕಾಗುತ್ತದೆ. ಕಡ್ಡಿಯಲ್ಲಿ ಕೈಗೂ ಅಂಟಿಲ್ಲ, ಬಟ್ಟೆಗೂ ಕಲೆ ಕಡಿಮೆ. ಹೆಚ್ಚಿಗೆ ಕೊಟ್ಟ ಐನೂರು ರೂಪಾಯಿ ಪೂರ್ತಿ ಈ ಸೌಕರ್ಯದ ಬೆಲೆ ಅಂತ ತಿಳಿದುಕೊಂಡು ಕೊಳ್ಳಿ.

ನನ್ನ ಹೆಂಡತಿಯ ತೀರ್ಪನ್ನೂ ಸೇರಿಸುತ್ತೇನೆ, ಯಾಕೆಂದರೆ ಸೀರೆಯುಟ್ಟು ಬಸ್ಸಿನಲ್ಲಿ ನಿಂತು ಕಾಸರಗೋಡಿಗೆ ಕೆಲಸಕ್ಕೆ ಹೋಗುವ ಅವಳಿಗೆ ಈ ಕಷ್ಟ ನನಗಿಂತ ಹಳತು. ಬೆಳಿಗ್ಗೆ ಹಚ್ಚಿದ್ದು ಮಧ್ಯಾಹ್ನದವರೆಗೆ ಬರುತ್ತದಂತೆ. ಆದರೆ ಲಂಗದ ಒಳಗೆ ಮೊಣಕಾಲಿನ ಸ್ವಲ್ಪ ಮೇಲಿನವರೆಗೆ ಬರುವ ಹತ್ತಿಯ ಚಡ್ಡಿ ಹಾಕಿದ ದಿನ ಕಡ್ಡಿಯ ಅಗತ್ಯವೇ ಇಲ್ಲ. “ನಿಮ್ಮ ಐನೂರಕ್ಕೆ ಮೂರು ಚಡ್ಡಿ ಬರ್ತಿತ್ತು” ಎಂದಳು. ಉತ್ತರ ಕೊಡಲಿಲ್ಲ.

ಒಂದು ವಿಷಯ ಮಾತ್ರ ಗಟ್ಟಿಯಾಗಿ ಹೇಳಬೇಕು. ಹಿಂದಿನ ವರ್ಷ ಇದೇ ತೊಡೆಸಂದು ಉರಿಯುತ್ತದೆಂದು ಪೇಟೆಯ ಒಂದು ಮೆಡಿಕಲಿನಲ್ಲಿ ಕೇಳಿದ್ದಕ್ಕೆ ಚೀಟಿ ಗೀಟಿ ಏನೂ ಕೇಳದೆ ಒಂದು ಟ್ಯೂಬ್ ಕೊಟ್ಟರು. ಎರಡು ದಿನದಲ್ಲಿ ಕೆಂಪು ಮಾಯ. ಬಿಟ್ಟ ಕೂಡಲೇ ಉಂಗುರದ ಆಕಾರದಲ್ಲಿ ಮೊದಲಿಗಿಂತ ಅಗಲಕ್ಕೆ ಬಂತು, ತುರಿಕೆ ಬೇರೆ. ಚರ್ಮದ ಡಾಕ್ಟರು ಟ್ಯೂಬ್ ನೋಡಿ ತಲೆ ಅಲ್ಲಾಡಿಸಿದರು. ಅದರಲ್ಲಿದ್ದದ್ದು ಕ್ಲೋಬೆಟಾಸಾಲ್, ಚರ್ಮಕ್ಕೆ ಹಚ್ಚುವ ಸ್ಟಿರಾಯ್ಡುಗಳಲ್ಲೇ ಅತಿ ಜೋರಿನದ್ದು. ಅದರ ಜತೆಗೆ ಶಿಲೀಂಧ್ರದ ಮದ್ದು, ಬ್ಯಾಕ್ಟೀರಿಯಾದ ಮದ್ದು ಎಲ್ಲ ಕಲಸಿದ್ದು. ಸ್ಟಿರಾಯ್ಡ್ ಉರಿ ಅಡಗಿಸುತ್ತದೆ, ಹಾಗೆಯೇ ಶಿಲೀಂಧ್ರದ ಜತೆ ಹೋರಾಡುವ ಶಕ್ತಿಯನ್ನೂ ಅಡಗಿಸುತ್ತದೆ. ತೊಡೆಸಂದಿನ ತೆಳು ಚರ್ಮದಲ್ಲಿ ಹೆಚ್ಚು ದಿನ ಹಚ್ಚಿದರೆ ಬಸುರಿಯ ಹೊಟ್ಟೆಯ ಮೇಲಿನಂತಹ ಗೆರೆ ಬಿದ್ದು ಅಲ್ಲೇ ಉಳಿಯುತ್ತದೆ. ಇಂತಹ ಸ್ಟಿರಾಯ್ಡ್ ಮುಲಾಮುಗಳನ್ನು ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲೇ ಕೇಂದ್ರ ಸರಕಾರ ನಿಯಮ ಬಿಗಿ ಮಾಡಿದೆ. ಉಜ್ಜುಗಾಯ ಬೇರೆ, ಹುಳುಕಡ್ಡಿ ಬೇರೆ. ಎರಡು ಮೂರು ದಿನ ಉಜ್ಜದೆ ಒಣಗಲು ಬಿಟ್ಟರೆ ಮೊದಲನೆಯದು ಮಾಯುತ್ತದೆ. ಅಂಚು ಎದ್ದು ಹಬ್ಬುತ್ತಾ ತುರಿಸುವುದು ಎರಡನೆಯದು, ಅದಕ್ಕೆ ಕಡ್ಡಿಯೂ ಬೇಡ ಜೆಲ್ಲಿಯೂ ಬೇಡ, ಡಾಕ್ಟರ ಹತ್ತಿರ ಹೋಗಿ. ಸಿಪ್ಪೆ ಎದ್ದ ಗಾಯದ ಮೇಲೆ ಕೂಡ ಕಡ್ಡಿ ಹಚ್ಚಬಾರದು, ಇದು ಗಾಯ ಆಗದ ಹಾಗೆ ನೋಡಿಕೊಳ್ಳುವ ಸಾಮಾನು ಮಾತ್ರ.

ಆ ಡಾಕ್ಟರು ಹೇಳಿದ ಇನ್ನೊಂದು ಮಾತಿನಿಂದಲೇ ಕಡ್ಡಿಗೆ ಅರ್ಧ ನಕ್ಷತ್ರ ಕಡಿಮೆಯಾಯಿತು. ಚೌಕಿಯಲ್ಲಿ ಎಲ್ಲವೂ ಎಲ್ಲರದ್ದು. ಕನ್ನಡಿ, ಎಣ್ಣೆ, ಬಣ್ಣ, ಬೀಡಿ, ಯಾವುದಕ್ಕೂ ಒಡೆಯರಿಲ್ಲ. ನಾನು ರಂಗಸ್ಥಳದಿಂದ ಬರುವಷ್ಟರಲ್ಲಿ ಕಡ್ಡಿ ಕೌರವರ ಕಡೆಗೆ ದಾಟಿತ್ತು. ವಾಪಸ್ ಬಂದಾಗ ತುದಿಯಲ್ಲಿ ಮೂರು ಕೂದಲು, ಒಂದು ಬದಿಗೆ ಕೆಂಪು ಬಣ್ಣ, ನಡುವೆ ಯಾರದೋ ಉಗುರಿನ ಗುರುತು. ಯಾರಿಗೆ ಹುಳುಕಡ್ಡಿ ಉಂಟು, ಯಾರಿಗೆ ಇಲ್ಲ ಅಂತ ದುರ್ಯೋಧನನ ಚಲ್ಲಣ ಬಿಚ್ಚಿಸಿ ನೋಡಲಿಕ್ಕಾಗುತ್ತದೋ? ಮೇಲಿನ ಪದರವನ್ನು ಚೂರಿಯಿಂದ ಕೆತ್ತಿ ಬಿಸಾಡಿದೆ, ಹೆಚ್ಚುಕಡಿಮೆ ನೂರು ರೂಪಾಯಿಯ ಮಾಲು ಹೋಯಿತು. ಜೆಲ್ಲಿಯನ್ನಾದರೆ ಟ್ಯೂಬಿನಲ್ಲಿ ತಂದು ಒತ್ತಿ ಒತ್ತಿ ಹಂಚಬಹುದು. ಕಡ್ಡಿಯಲ್ಲಿ ಆ ಸೌಕರ್ಯ ಇಲ್ಲ. ಕೊಳ್ಳುವವರು ಅದರ ಮೇಲೆ ಹೆಸರು ಬರೆದು ಬ್ಯಾಗಿನ ಒಳಜೇಬಿನಲ್ಲಿ ಇಟ್ಟುಕೊಳ್ಳಿ.

ಕೊಳ್ಳುವ ಬಗ್ಗೆ: ಮೊದಲು ಸಣ್ಣ ಗಾತ್ರದ್ದು ಸಿಕ್ಕಿದರೆ ಅದನ್ನೇ ತರಿಸಿ, ಮುಚ್ಚಳ ತೆಗೆದದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ. ಸುವಾಸನೆ ಇರುವ ಜಾತಿ ಬೇಡ, ಸುಲಿದ ಚರ್ಮಕ್ಕೆ ಸೆಂಟು ತಾಗಿದರೆ ಉರಿ ಎರಡು ಪಾಲು. ಮಧ್ಯಾಹ್ನದ ಬಿಸಿಲಿಗೆ ಕಾರಿನೊಳಗೆ ಬಿಡಬೇಡಿ, ಮೆತ್ತಗಾಗಿ ಮುಚ್ಚಳಕ್ಕೆ ಅಂಟುತ್ತದೆ. ದಿನಾ ಬೈಕಿನಲ್ಲೋ ತೋಟದಲ್ಲೋ ಓಡಾಡುವವರಿಗೆ ಜೆಲ್ಲಿ ಧಾರಾಳ ಸಾಕು. ಬಾಡಿಗೆ ವೇಷ ಕಟ್ಟುವವರು, ಬಿಳಿ ಪಂಚೆ ಉಡುವವರು, ಇಸ್ತ್ರಿ ಹಾಕಿದ ಬಟ್ಟೆಯಲ್ಲಿ ಆಫೀಸಿಗೆ ಹೋಗುವವರು ಕಡ್ಡಿಗೆ ದುಡ್ಡು ಹಾಕಬಹುದು. ನಮ್ಮ ಸಂಘದ ಖಜಾಂಚಿಯವರು ಜೆಲ್ಲಿಯ ಎರಡು ಟ್ಯೂಬನ್ನು ಬಣ್ಣದ ಖರ್ಚಿನಲ್ಲಿ ಸೇರಿಸಲು ಒಪ್ಪಿದ್ದಾರೆ. ಕಡ್ಡಿಯ ಬಿಲ್ಲನ್ನು ನೋಡಿ, ಅದು ನಿಮ್ಮ ಕಿಸೆಯಿಂದಲೇ ಆಗಲಿ ಮಾಷ್ಟ್ರೆ ಎಂದರು.